ನೇಪಲ್ಸ್ ಬಂದರಿನಲ್ಲಿ ಒಂದು ದಿನ: ಎಂಟು ಜನ, ಒಂದೇ ಊರು, ಒಬ್ಬರೇ ಗೈಡ್

ಕ್ರೂಸ್ ಹೋದಾಗ ಹಡಗಿನವರ ಟೂರ್ ಬಸ್ಸು ಬೇಡ, ಇಟಲಿಯ ನೇಪಲ್ಸ್‌ನಲ್ಲಿ ನಾವೇ ವ್ಯಾನ್ ಮಾಡಿಕೊಂಡು, ನಾವೇ ಗೈಡ್ ಇಟ್ಟುಕೊಂಡು ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಹಳೆಯ ರೋಮನ್ ಊರು ಪೊಂಪೇಯಿ ನೋಡಿ ಬರೋಣ ಅಂದಾಗ ಭಾವ ಹೇಳಿದ್ದು ಒಂದೇ ಮಾತು: "ಹಡಗು ನಿನಗೆ ಕಾಯಲ್ಲಪ್ಪ." ಹಡಗಿನವರ ಟೂರ್ ತಡವಾದರೆ ಹಡಗು ಕಾಯುತ್ತದೆ, ಸ್ವಂತ ಹೋದವರಿಗೆ ಕಾಯಲ್ಲ. ಕ್ಯಾಬಿನ್ ಬುಕ್ ಮಾಡಿಕೊಟ್ಟ ಏಜೆಂಟರೂ ಅದನ್ನೇ ಅಂದರು. ಅಪ್ಪನ ಮಂಡಿ ನೆನಪಿಸಿ ಅಕ್ಕನೂ ಹಿಂಜರಿದಳು.

ಕಳೆದ ಅಕ್ಟೋಬರಿನಲ್ಲಿ ಮಾಡಿಯೇ ತೋರಿಸಿದೆ. ನಾವು ಎಂಟು ಜನ. ಅಪ್ಪನಿಗೆ 74, ಎರಡೂ ಮಂಡಿ ಸವೆದಿವೆ. ಅಮ್ಮನಿಗೆ ಇಂಗ್ಲಿಷ್ ಬರಲ್ಲ, ಹೊರಗಡೆ ಊಟ ಅಂದರೆ ನೂರು ಪ್ರಶ್ನೆ. ನಾನು, ನನ್ನ ಹೆಂಡತಿ, ನಮ್ಮ ಇಬ್ಬರು ಮಕ್ಕಳು, ಅಕ್ಕ, ಭಾವ. ಹಡಗು ಹತ್ತಲು ಕೊನೆಯ ಸಮಯ ಸಂಜೆ 5, ನಾವು ಹತ್ತಿದ್ದು 3.40ಕ್ಕೆ. ಅದಾದ ಮೇಲೆ ನಾಲ್ಕು ಮನೆಯವರು ಫೋನ್ ಮಾಡಿ ವಿಚಾರಿಸಿದ್ದಾರೆ. ಎಲ್ಲರಿಗೂ ಮತ್ತೆ ಮತ್ತೆ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡೋಣ ಅಂತ ಕೂತಿದ್ದೇನೆ. ವೀಸಾ, ಕ್ಯಾಬಿನ್, ಸಾಮಾನು, ಇವೆಲ್ಲ ಕ್ರೂಸ್ ಮಾಡಿದವರಿಗೆ ಗೊತ್ತಿರೋದೇ, ಅದಕ್ಕೆ ಹೋಗಲ್ಲ.

ಮೊದಲು ಕಳೆದುಕೊಂಡ ದುಡ್ಡಿನ ಲೆಕ್ಕ.

2019ರಲ್ಲಿ ಚಿವಿತಾವೆಕ್ಕಿಯಾದಲ್ಲಿ ಇಳಿದು ಹಡಗಿನವರ ಬಸ್ಸಿನಲ್ಲೇ ರೋಮ್‌ಗೆ ಹೋದೆವು. ಬಂದರಿನಿಂದ ರೋಮ್ ಸುಮಾರು 80 ಕಿಲೋಮೀಟರ್. ಹೋಗೋಕೆ ಒಂದೂವರೆ ಗಂಟೆ, ಬರೋಕೆ ಎರಡು. ಐವತ್ತು ಜನಕ್ಕೆ ಒಬ್ಬ ಗೈಡ್, ಕೈಯಲ್ಲಿ ಬಾವುಟ, ನಮ್ಮ ಕಿವಿಯಲ್ಲಿ ಕರಕರ ಅನ್ನುವ ಇಯರ್‌ಫೋನ್. ಕೊಲೋಸಿಯಂ ಹೊರಗಿನಿಂದ, ಟ್ರೆವಿ ಕಾರಂಜಿ ಜನರ ತಲೆಗಳ ಮೇಲಿಂದ. ಒಂದು ಅಂಗಡಿಯಲ್ಲಿ ಮಾತ್ರ ಮುಕ್ಕಾಲು ಗಂಟೆ ನಿಲ್ಲಿಸಿದರು. ಅಪ್ಪ ಬಸ್ಸಿಗೂ ಜಾಗಕ್ಕೂ ನಡೆದು ನಡೆದು ಮಧ್ಯಾಹ್ನದ ಹೊತ್ತಿಗೆ ಕೂತುಬಿಟ್ಟರು.

ಎರಡನೇ ಸಲ, 2023ರಲ್ಲಿ, ಇಟಲಿಯದೇ ಇನ್ನೊಂದು ಬಂದರು ಲಿವೊರ್ನೋದಲ್ಲಿ ಖಾಸಗಿ ಗಾಡಿ ಮಾಡಿದೆ. ಪೀಸಾ, ಫ್ಲಾರೆನ್ಸ್ ಎರಡೂ ಒಂದೇ ದಿನದಲ್ಲಿ ಅಂತ ಆಸೆ ಪಟ್ಟೆ. "ಡ್ರೈವರೇ ಗೈಡ್" ಅಂತ ಅವರ ಜಾಹೀರಾತಿನಲ್ಲಿತ್ತು. ಗಾಡಿಯಲ್ಲಿ ಚೆನ್ನಾಗಿಯೇ ಮಾತಾಡಿದ, ಆದರೆ ಚರ್ಚಿನ ಬಾಗಿಲಿಗೆ ಬಂದಾಗ "ನಾನು ಒಳಗೆ ಬಂದು ವಿವರಿಸುವ ಹಾಗಿಲ್ಲ" ಅಂದ. ಇಟಲಿಯಲ್ಲಿ ಗೈಡ್ ಆಗಲು ಬೇರೆಯೇ ಲೈಸೆನ್ಸ್ ಬೇಕು, ಡ್ರೈವರ್‌ಗೆ ಅದಿರಲ್ಲ. ಆ ಪಾಠಕ್ಕೆ 500 ಯೂರೋ ಹತ್ತಿರ ಕೊಟ್ಟೆ. ವಾಪಸ್ ಬರುವಾಗ ಟ್ರಾಫಿಕ್ಕಿಗೆ ಸಿಕ್ಕಿ, ಹಡಗಿನ ಮೆಟ್ಟಿಲು ಎತ್ತೋಕೆ ಇಪ್ಪತ್ತು ನಿಮಿಷ ಇದ್ದಾಗ ಓಡಿ ಹತ್ತಿದೆವು. ಭಾವ ಇವತ್ತಿಗೂ ಹೇಳೋದು ಆ ದಿನದ ಕಥೆಯನ್ನೇ.

ಅದೇ ಪ್ರವಾಸದಲ್ಲಿ ಗ್ರೀಸಿನ ಸಾಂಟೊರಿನಿ ದ್ವೀಪದ ಖಾಸಗಿ ಟೂರಿಗೆ ಮುಂಗಡವಾಗಿ 250 ಯೂರೋ ಕಟ್ಟಿದ್ದೆ. ಅಲ್ಲಿ ಹಡಗು ದಡಕ್ಕೆ ತಾಗಲ್ಲ, ಸಮುದ್ರದಲ್ಲೇ ನಿಂತು ಸಣ್ಣ ದೋಣಿಯಲ್ಲಿ ಇಳಿಸುತ್ತಾರೆ. ಆ ದಿನ ಗಾಳಿ ಜೋರಿತ್ತು, ದೋಣಿ ಬಿಡಲಿಲ್ಲ, ಹಡಗು ಮುಂದಕ್ಕೆ ಹೋಯಿತು. ಹಡಗಿನವರ ಟೂರ್ ತಗೊಂಡವರಿಗೆಲ್ಲ ದುಡ್ಡು ವಾಪಸ್ ಬಂತು. ನನಗೆ ಬಿಡಿಗಾಸೂ ಬರಲಿಲ್ಲ. ಅಂದಿನಿಂದ ಒಂದು ನಿಯಮ: ದೋಣಿಯಲ್ಲಿ ಇಳಿಸುವ ಬಂದರಿಗೆ ಮುಂಗಡ ಕೊಡಲ್ಲ, ಬೇರೆ ಬಂದರಿಗೂ "ಹಡಗು ಬರದಿದ್ದರೆ ಪೂರ್ತಿ ವಾಪಸ್" ಅಂತ ಬರಹದಲ್ಲಿ ಬರದೆ ಕೊಡಲ್ಲ.

ಇಷ್ಟೆಲ್ಲ ಆದಮೇಲೆ ನೇಪಲ್ಸ್ ಆರಿಸಿಕೊಂಡದ್ದು ಸುಮ್ಮನೆ ಅಲ್ಲ. ಹಡಗು ಊರ ನಡುವೆಯೇ, ದಕ್ಕೆಗೇ ಬಂದು ನಿಲ್ಲುತ್ತದೆ. ಪೊಂಪೇಯಿ ಬರೀ 25 ಕಿಲೋಮೀಟರ್. ಎಲ್ಲಕ್ಕಿಂತ ದೊಡ್ಡ ಲೆಕ್ಕ ಏನೆಂದರೆ, ನಮ್ಮ ಮಾರನೇ ದಿನದ ಬಂದರು ಲಿವೊರ್ನೋ. ಅಕಸ್ಮಾತ್ ಹಡಗು ತಪ್ಪಿದರೂ ಪಾಸ್‌ಪೋರ್ಟ್ ಜೇಬಲ್ಲಿದ್ದರೆ ನಾಲ್ಕೈದು ಗಂಟೆ ರೈಲಿನಲ್ಲಿ ಕೂತು ಮರುದಿನ ಬೆಳಗ್ಗೆ ಅಲ್ಲೇ ಹತ್ತಬಹುದು. ಮುಂದಿನ ನಿಲ್ದಾಣ ದ್ವೀಪವೋ ಬೇರೆ ದೇಶವೋ ಆಗಿದ್ದರೆ ನಾನೂ ಹಡಗಿನ ಬಸ್ಸೇ ಹತ್ತುತ್ತಿದ್ದೆ. ಈ ಒಂದು ವಿಷಯ ಭಾವನಿಗೆ ಕಾಗದದ ಮೇಲೆ ಬರೆದು ತೋರಿಸಿದ ಮೇಲೇ ಅವರು ಒಪ್ಪಿದ್ದು.

ವ್ಯಾನಿನಲ್ಲಿ ಡ್ರೈವರ್ ಬಿಟ್ಟು ಎಂಟೇ ಸೀಟು. ನಾವೇ ಎಂಟು ಜನ, ಗೈಡ್‌ಗೆ ಜಾಗವಿಲ್ಲ. ಮೊದಲು ಇದು ತೊಂದರೆ ಅನ್ನಿಸಿತು, ಆಮೇಲೆ ಇದೇ ಅನುಕೂಲವಾಯಿತು. ಗೈಡ್ ನೇರವಾಗಿ ಪೊಂಪೇಯಿ ಗೇಟಿಗೇ ಬರುತ್ತಾರೆ, ಮೂರು ಗಂಟೆ ಅಷ್ಟೇ ಅವರ ಸಮಯ, ಅಷ್ಟಕ್ಕೇ ದುಡ್ಡು. ದಾರಿಯುದ್ದಕ್ಕೂ ಗೈಡ್‌ಗೆ ಗಂಟೆ ಲೆಕ್ಕದಲ್ಲಿ ಕೊಡುವುದು ದಂಡ.

ಗೈಡ್‌ರನ್ನು ನಾನು ಹೇಗೆ ಹುಡುಕುತ್ತೇನೆ ಅನ್ನೋದನ್ನು ಇಲ್ಲಿ ಬರೆಯಲ್ಲ, ಕ್ಷಮಿಸಿ. ಒಳ್ಳೆಯವರು ಕೆಲವೇ ಜನ, ಅವರ ದಿನಗಳು ಬೇಗ ತುಂಬುತ್ತವೆ. ಆದರೆ ಪರೀಕ್ಷೆ ಮಾಡುವ ಬಗೆ ಹೇಳುತ್ತೇನೆ. ಮೊದಲ ಪತ್ರದಲ್ಲೇ "ಮಂಡಿ ನೋವಿರುವ ಹಿರಿಯರಿದ್ದಾರೆ, ಯಾವ ಗೇಟಿನಿಂದ ಒಳಗೆ ಹೋಗೋಣ?" ಅಂತ ಕೇಳಿ. "ಪೋರ್ಟಾ ಮರೀನಾ" ಅಂದರೆ ಬಿಟ್ಟುಬಿಡಿ. ಬಸ್ಸಿನವರೆಲ್ಲ ನುಗ್ಗುವ ಬಾಗಿಲು ಅದು, ಹೊಕ್ಕ ತಕ್ಷಣ ಕಡಿದಾದ ಏರು, ನುಣುಪು ಕಲ್ಲು. ನಮ್ಮ ಗೈಡ್ ಒಂದೇ ಸಾಲಿನಲ್ಲಿ ಉತ್ತರ ಬರೆದರು: "ಆಂಫಿಥಿಯೇಟರ್ (ಹಳೆಯ ದುಂಡು ಅಖಾಡ) ಗೇಟು. ಅಲ್ಲಿಂದ ಒಂದೇ ದಿಕ್ಕಿಗೆ ನಡೆಯೋಣ, ವ್ಯಾನ್ ಇನ್ನೊಂದು ತುದಿಗೆ ಬರಲಿ." ಆ ಕಡೆಯಿಂದ ಗಾಲಿಕುರ್ಚಿಯವರಿಗಾಗಿಯೇ ಮಾಡಿದ ಸಮತಟ್ಟು ದಾರಿ ಇದೆ, ಸುಮಾರು ಮೂರೂವರೆ ಕಿಲೋಮೀಟರ್. ಅವರನ್ನೇ ಗೊತ್ತು ಮಾಡಿದೆ.

ಬುಧವಾರ ನೇಪಲ್ಸ್ ಮುಟ್ಟುವ ಹಡಗು ಆರಿಸಿದ್ದಕ್ಕೂ ಕಾರಣ ಇದೆ. ನೇಪಲ್ಸ್‌ನ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂ ಮಂಗಳವಾರ ಮುಚ್ಚಿರುತ್ತದೆ. ಇದೇ ಕಾರಣಕ್ಕೆ ಮೊದಲು ನೋಡಿದ್ದ ಒಂದು ಹಡಗನ್ನೇ ಕೈಬಿಟ್ಟೆ. ಮ್ಯೂಸಿಯಂ ಯಾಕೆ ಬೇಕಿತ್ತು ಅಂತ ಮುಂದೆ ಹೇಳುತ್ತೇನೆ.

ಪೊಂಪೇಯಿಗೆ ಈಗ ದಿನಕ್ಕೆ 20,000 ಜನರಿಗಷ್ಟೇ ಪ್ರವೇಶ, ಟಿಕೆಟ್ ಮೇಲೆ ಹೆಸರು ಇರುತ್ತದೆ. ಎಂಟೂ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಹಾಕಿ ಮೊದಲೇ ತೆಗೆದಿಟ್ಟೆ. ಆಗ ದೊಡ್ಡವರಿಗೆ 18 ಯೂರೋ ಇತ್ತು, ಹದಿನೆಂಟರೊಳಗಿನ ಮಕ್ಕಳಿಗೆ ಉಚಿತ.

ಎಂಟು ಗಂಟೆಗೆ ಹಡಗಿನಿಂದ ಇಳಿದೆವು, ಒಂಬತ್ತಕ್ಕೆ ಐದು ನಿಮಿಷ ಇರುವಾಗ ಗೇಟಿನಲ್ಲಿದ್ದೆವು. ಬಾಗಿಲು ತೆಗೆದಾಗ ನಮ್ಮ ಮುಂದೆ ಹತ್ತು ಹನ್ನೆರಡು ಜನ ಇದ್ದಿರಬಹುದು.

ಅಪ್ಪನಿಗೆ ಮಡಿಸುವ ಸ್ಟೂಲು ಒಂದು ತಂದಿದ್ದೆ. ಗೈಡ್ ನಿಂತಲ್ಲೆಲ್ಲ ಅಪ್ಪ ಕೂರುತ್ತಿದ್ದರು. ಒಂದು ಕಿಲೋ ತೂಕ, ಬೆಂಗಳೂರಿನಲ್ಲಿ ಏಳೆಂಟು ನೂರು ರೂಪಾಯಿ. ಇಡೀ ದಿನದಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬಂದ ವಸ್ತು ಇದೇ.

ಇನ್ನೊಂದು ಪ್ರಯೋಗ ಮಾಡಿದೆ. ಗೈಡ್ ಕೊರಳಿಗೆ ನನ್ನ ಫೋನ್ ನೇತುಹಾಕಿ, ವಾಟ್ಸಾಪ್ ಗ್ರೂಪ್ ಕಾಲ್ ಮಾಡಿ, ಹಿಂದೆ ನಿಧಾನ ಬರುವವರಿಗೆ ಇಯರ್‌ಬಡ್ ಕೊಟ್ಟೆ. ಮೊದಲ ಹತ್ತು ನಿಮಿಷ ಮಾತು ಎರಡೆರಡು ಸಲ ಕೇಳಿ ಎಲ್ಲರಿಗೂ ತಲೆ ಚಿಟ್ಟು ಹಿಡಿಯಿತು. ಉಳಿದವರೆಲ್ಲ ಮ್ಯೂಟ್ ಮಾಡಿ, ಗೈಡ್‌ರಿಂದ ಹತ್ತು ಹೆಜ್ಜೆ ಹಿಂದೆ ನಿಂತರೆ ಸರಿಹೋಯಿತು. ಮಗ ಚಿತ್ರ ತೆಗೆಯುತ್ತಾ ಎಲ್ಲೋ ಹಿಂದೆ ಉಳಿದರೂ ಮಾತು ತಪ್ಪಲಿಲ್ಲ. ಒಂದೇ ತೊಂದರೆ, ಬ್ಯಾಟರಿ. ಮಧ್ಯಾಹ್ನಕ್ಕೆ ಮೂರು ಫೋನೂ ಸೊನ್ನೆ. ಪವರ್‌ಬ್ಯಾಂಕ್ ಎರಡು ಒಯ್ಯಿರಿ.

ಅಮ್ಮನಿಗಾಗಿ ಗೈಡ್‌ಗೆ ಮೊದಲೇ ಕೇಳಿಕೊಂಡಿದ್ದೆ: ಎರಡು ಮೂರು ವಾಕ್ಯಕ್ಕೆ ಒಮ್ಮೆ ನಿಲ್ಲಿಸಿ, ನಾನು ಕನ್ನಡದಲ್ಲಿ ಹೇಳುತ್ತೇನೆ. ಇಡೀ ದಿನದ ಯಶಸ್ಸು ಇದರಲ್ಲೇ ಇದೆ ಅಂತ ನನ್ನ ನಂಬಿಕೆ. ರೋಮ್‌ನಲ್ಲಿ ಅಮ್ಮ ಸುಮ್ಮನೆ ಹಿಂದೆ ಹಿಂದೆ ಬಂದಿದ್ದರು. ಇಲ್ಲಿ ಪ್ರಶ್ನೆ ಕೇಳುತ್ತಾ ಎಲ್ಲರಿಗಿಂತ ಮುಂದೆ ನಡೆದರು.

ಪಲಾಯನ ಮಾಡಿದವರ ತೋಟ ಅಂತ ಒಂದು ಜಾಗ, ಆಂಫಿಥಿಯೇಟರಿಗೆ ಹತ್ತಿರ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಉಗುಳಿದಾಗ ಓಡುತ್ತಾ ಸತ್ತ 13 ಜನರ ಅಚ್ಚುಗಳು ಅಲ್ಲಿವೆ. ಬೂದಿ ಗಟ್ಟಿಯಾಗಿ, ಒಳಗಿನ ದೇಹ ಕರಗಿ ಉಳಿದ ಟೊಳ್ಳಿಗೆ ಗಾರೆ ಸುರಿದು ಅಚ್ಚು ತೆಗೆಯುವ ಉಪಾಯ ಜುಸೆಪ್ಪೆ ಫಿಯೊರೆಲ್ಲಿಯವರದು, 1863ರಿಂದ ಅದು ರೂಢಿಯಾಯಿತು. ಮಕ್ಕಳು ಮಲಗಿರುವ ಕಡೆ ನೋಡಿ ಅಮ್ಮ ಕೈ ಮುಗಿದರು. ಗೈಡ್ ಏನೂ ಮಾತಾಡದೆ ನಮಗೆ ಅಲ್ಲಿ ಐದು ನಿಮಿಷ ಬಿಟ್ಟರು. ಐವತ್ತು ಜನರ ಗುಂಪಿನಲ್ಲಿ ಆ ಐದು ನಿಮಿಷ ಸಿಗುತ್ತಿರಲಿಲ್ಲ.

ಬೀದಿಯ ನಡುವೆ ದಾಟೋಕೆ ಇಟ್ಟ ಎತ್ತರದ ಕಲ್ಲುಗಳು, ಅವುಗಳ ಸಂದಿನಲ್ಲಿ ಗಾಡಿ ಚಕ್ರ ಓಡಾಡಿ ಬಿದ್ದ ಆಳವಾದ ಜಾಡು. ಅಪ್ಪ ಸ್ಟೂಲಿನ ಮೇಲೆ ಕೂತು ತಮ್ಮ ಊರುಗೋಲನ್ನು ಜಾಡಿನಿಂದ ಜಾಡಿಗೆ ಅಡ್ಡ ಇಟ್ಟು ಅಳೆದರು. "ನಮ್ಮ ಎತ್ತಿನ ಗಾಡಿ ಅಚ್ಚಿಗೆ ಹತ್ತಿರವೇ ಇದೆ" ಅಂದರು.

ಆಮೇಲೆ ಒಂದು ಬೇಕರಿ. ಒಲೆ ಹಾಗೇ ಇದೆ, ಇಟ್ಟಿಗೆ ಕಮಾನಿನದು. ಅದರ ಮುಂದೆ ಆಳೆತ್ತರಕ್ಕೆ ಬರುವ ಕರಿಕಲ್ಲುಗಳು ಸಾಲಾಗಿ ನಿಂತಿವೆ, ಡಮರುಗವನ್ನು ನೆಟ್ಟಗೆ ನಿಲ್ಲಿಸಿದ ಹಾಗೆ. ಗೈಡ್ ಬಾಯಿ ತೆಗೆಯೋಕೆ ಮುಂಚೆಯೇ ಅಮ್ಮ, "ಲೋ, ಇದು ಬೀಸೋ ಕಲ್ಲು ಕಣೋ. ಗೂಟ ಹಾಕೋ ತೂತು ಪಕ್ಕದಲ್ಲಿದೆ ನೋಡು" ಅಂದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಗೈಡ್‌ಗೆ ಮುಖವೆಲ್ಲ ಬೆಳಕು. ಕೆಳಗಿನ ಕಲ್ಲು ಶಂಕುವಿನ ಆಕಾರ, ಮೇಲಿನದು ಅದರ ಮೇಲೆ ಟೋಪಿಯಂತೆ ಕೂರುತ್ತದೆ, ಪಕ್ಕದ ಚೌಕ ತೂತಿಗೆ ಮರದ ತೊಲೆ ಹಾಕಿ ಕತ್ತೆಗಳನ್ನು ಕಟ್ಟಿ ಸುತ್ತಿಸುತ್ತಿದ್ದರು ಅಂತ ವಿವರಿಸಿದರು. ಅಮ್ಮ ಮತ್ತೆ ಕೇಳಿದರು: "ಕಲ್ಲು ಸವೆದರೆ ಉಳಿ ಹಾಕಿ ಕುಟ್ಟಿಸ್ತಿದ್ರಾ?" ಗೈಡ್ ಒಂದು ಕ್ಷಣ ಯೋಚಿಸಿ, ಇಷ್ಟು ವರ್ಷದಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ ಅಂದರು. ಅಮ್ಮ ಕೈಯನ್ನು ಗಾಳಿಯಲ್ಲೇ ತಿರುಗಿಸಿ, ಎಡಗೈಯಿಂದ ರಾಗಿ ಹಾಕುವುದನ್ನು ತೋರಿಸಿದರು. ನನ್ನ ಮಗಳು ಬೀಸುಕಲ್ಲು ತಿರುಗುವುದನ್ನು ಯಾವತ್ತೂ ನೋಡಿಲ್ಲ. ಅವಳಿಗೆ ಅಜ್ಜಿಯ ಕೈ ನೋಡಿಯೇ ಅರ್ಥವಾಯಿತು.

ಹಂಪಿ ನೋಡಿದವರಿಗೆ ಪೊಂಪೇಯಿಯಲ್ಲಿ ಮೊದಲು ಕಣ್ಣಿಗೆ ಬೀಳುವುದೇ ಇದು. ಹಂಪಿಯಲ್ಲಿ ಗುಡಿ, ಮಂಟಪ, ಬಜಾರಿನ ಕಂಬ ಉಳಿದಿವೆ, ಜನರ ಮಣ್ಣಿನ ಮನೆಗಳು ಹೋಗಿವೆ. ಇಲ್ಲಿ ಅಡುಗೆಮನೆ, ಬಚ್ಚಲು, ಸೀಸದ ನೀರಿನ ಕೊಳವೆ, ಹೋಟೆಲಿನ ಕಟ್ಟೆಯಲ್ಲಿ ಹುಗಿದ ಗಡಿಗೆ ಎಲ್ಲ ಇವೆ. ಮೂರನೇ ಒಂದು ಭಾಗ ಊರನ್ನು ಇನ್ನೂ ಅಗೆದೇ ಇಲ್ಲ.

ಹನ್ನೆರಡಕ್ಕೆ ಪೋರ್ಟಾ ಮರೀನಾದ ಇಳಿಜಾರು ತಪ್ಪಿಸಿ, ಪಕ್ಕದ ಆಂಟಿಕ್ವೇರಿಯಂ ಅನ್ನುವ ಪುಟ್ಟ ಮ್ಯೂಸಿಯಂ ಕಡೆಯಿಂದ ಹೊರಬಂದೆವು. ವ್ಯಾನ್ ಹೇಳಿದ ಜಾಗದಲ್ಲೇ ಇತ್ತು. ಮನೆಯಿಂದ ತಂದಿದ್ದ ಗೊಜ್ಜವಲಕ್ಕಿ ಪುಡಿಗೆ ಥರ್ಮಾಸಿನ ಬಿಸಿನೀರು ಹಾಕಿ ಅಮ್ಮನಿಗೂ ಅಪ್ಪನಿಗೂ ಊಟ. ಹಡಗಿನ ಬಫೆಯಿಂದ ತಿಂಡಿ ಹೊರಗೆ ಒಯ್ಯಬೇಡಿ, ಬಿಡಲ್ಲ. ಉಳಿದವರಿಗೆ ಮಾರ್ಗರಿಟಾ ಪಿಜ್ಜಾ. ಬೆಳ್ಳುಳ್ಳಿ ತಿನ್ನದವರು ಮರಿನಾರಾ ಕೇಳಬೇಡಿ, ಅದರಲ್ಲಿ ಬೆಳ್ಳುಳ್ಳಿಯೇ ಮುಖ್ಯ.

ಇನ್ನು ನೇಪಲ್ಸ್ ಊರಿನ ಆ ಪುರಾತತ್ವ ಮ್ಯೂಸಿಯಂ. 1938ರಲ್ಲಿ ಪೊಂಪೇಯಿಯ ಒಂದು ಮನೆಯಲ್ಲಿ ಭಾರತದ ದಂತದ ಗೊಂಬೆ ಸಿಕ್ಕಿತು, ಒಂದು ಗೇಣಿಗಿಂತ ಸ್ವಲ್ಪ ಎತ್ತರ. ಅದನ್ನು ಪೊಂಪೇಯಿ ಲಕ್ಷ್ಮಿ ಅನ್ನುತ್ತಾರೆ, ಯಕ್ಷಿ ಅನ್ನುವ ವಿದ್ವಾಂಸರೂ ಇದ್ದಾರೆ. ಇಂಥದ್ದೇ ಗೊಂಬೆ ಮಹಾರಾಷ್ಟ್ರದ ಭೋಕರ್ದನ್‌ನಲ್ಲೂ ಸಿಕ್ಕಿದೆ. ನಮ್ಮೂರು ಚಿತ್ರದುರ್ಗ. ಚಂದ್ರವಳ್ಳಿಯ ಅಗೆತದಲ್ಲಿ ರೋಮ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ಸಿಕ್ಕಿದ್ದನ್ನು ಚಿಕ್ಕಂದಿನಿಂದ ಕೇಳಿದವನು ನಾನು. ಅಲ್ಲಿಂದ ಬಂದ ನಾಣ್ಯದ ಕಾಲದಲ್ಲೇ ಇಲ್ಲಿಂದ ಹೋದ ಗೊಂಬೆಯನ್ನು ಅಮ್ಮನಿಗೆ ತೋರಿಸಬೇಕು ಅನ್ನೋದು ಬಹಳ ದಿನದ ಆಸೆ.

ಗೊಂಬೆ ಇರೋದು ಆ ಮ್ಯೂಸಿಯಂ ಒಳಗಿನ "ರಹಸ್ಯ ಕೋಣೆ"ಯಲ್ಲಿ. ಸುತ್ತಲಿನ ಚಿತ್ರಗಳು ಮಕ್ಕಳಿಗಲ್ಲ, ಅದಕ್ಕೆ ಮಕ್ಕಳನ್ನು ಭಾವನ ಜತೆ ಕೆಳಗಿನ ಅಮೃತಶಿಲೆ ವಿಗ್ರಹಗಳ ಕಡೆ ಕಳಿಸಿದೆ. ಅಮ್ಮ ನೇರವಾಗಿ ಗಾಜಿನ ಪೆಟ್ಟಿಗೆಯ ಮುಂದೆ ನಿಂತರು. ಮೊಣಕೈವರೆಗೆ ಬಳೆ, ಕಾಲು ತುಂಬ ಕಡಗ, ಸೊಂಟಕ್ಕೆ ಡಾಬು, ಎರಡೂ ಪಕ್ಕ ಪುಟ್ಟ ಸಖಿಯರು. "ಇಷ್ಟು ದೂರ ಯಾರಮ್ಮ ನಿನ್ನನ್ನ ಕರ್ಕೊಂಡು ಬಂದರು" ಅಂತ ಗೊಂಬೆಯನ್ನೇ ಕೇಳಿದರು. ನಾನು ಅಕ್ಕನ ಮುಖ ನೋಡಿದೆ, ಅವಳ ಕಣ್ಣಲ್ಲಿ ನೀರಿತ್ತು.

ಲೆಕ್ಕ ನೆನಪಿನಿಂದ ಹೇಳುತ್ತೇನೆ. ವ್ಯಾನ್ 320 ಯೂರೋ, ಗೈಡ್ 170, ಪೊಂಪೇಯಿ ಟಿಕೆಟ್ 108, ಮ್ಯೂಸಿಯಂ 120ರ ಆಸುಪಾಸು, ಪಿಜ್ಜಾ ಕಾಫಿ ಟಿಪ್ಸ್ ಸೇರಿ 70. ಯೂರೋಗೆ ನೂರು ರೂಪಾಯಿ ದಾಟಿತ್ತು, ಹತ್ತಿರ ಹತ್ತಿರ 80 ಸಾವಿರ ಆಯಿತು. ಹಡಗಿನವರ ಪೊಂಪೇಯಿ ಟೂರ್ ಎಂಟು ಜನಕ್ಕೆ 88 ಸಾವಿರ ಆಗುತ್ತಿತ್ತು, ಮ್ಯೂಸಿಯಂ ಬಿಟ್ಟು. ಉಳಿತಾಯ ಎಂಟು ಸಾವಿರ, ದೊಡ್ಡದೇನಲ್ಲ. ನಾಲ್ಕೇ ಜನ ಇದ್ದರೆ ಈ ಲೆಕ್ಕ ಉಲ್ಟಾ ಆಗುತ್ತದೆ, ಆಗ ವ್ಯಾನ್ ಬಿಟ್ಟು ರೈಲು ನೋಡಿ. ಚಿರ್ಕುಮ್‌ವೆಸುವಿಯಾನಾ ರೈಲು ಪೊಂಪೇಯಿಗೆ ಹೋಗುತ್ತದೆ, ಆದರೆ ನಿಂತೇ ಹೋಗಬೇಕಾಗಬಹುದು, ಜೇಬು ಜೋಪಾನ.

ಹಡಗು ಹತ್ತುವಾಗ ಭಾವ ನನ್ನ ಬೆನ್ನು ತಟ್ಟಿ, "ಮುಂದಿನ ಸಲ ಎಲ್ಲಿ?" ಅಂದರು. ಟರ್ಕಿಯ ಕುಶಾದಾಸಿ ಬಂದರು, ಅಲ್ಲಿಂದ ಹಳೆಯ ರೋಮನ್ ಊರು ಎಫೆಸಸ್. ಎಫೆಸಸ್‌ಗೆ ಮೇಲಿನ ಗೇಟಿನಿಂದ ಒಳಗೆ, ಕೆಳಗಿನ ಗೇಟಿನಿಂದ ಹೊರಗೆ, ಇಡೀ ದಾರಿ ಇಳಿಜಾರು. ಇಳಿಜಾರು ಅಪ್ಪನ ಮಂಡಿಗೆ ಏರಿಗಿಂತ ಕಷ್ಟ, ಅದಕ್ಕೆ ಏನು ಮಾಡೋದು ಅಂತ ಈಗಾಗಲೇ ಮೂವರು ಗೈಡ್‌ಗಳಿಗೆ ಬರೆದಿದ್ದೇನೆ. ಒಬ್ಬರಿಂದ ಉತ್ತರ ಬಂದಿದೆ, ಇನ್ನಿಬ್ಬರದನ್ನು ಕಾಯುತ್ತಿದ್ದೇನೆ.