ಮಹಡಿಗೆ ವೈಫೈ: ಬೂಸ್ಟರ್ ಬೇಡ, ಒಂದು ತಂತಿ ಎಳೆಯಿರಿ

ಫೈಬರ್ ಸಂಪರ್ಕ ಕೊಡಲು ಬಂದವರು ಬೀದಿ ಕಡೆಯ ಕಿಟಕಿಯ ಪಕ್ಕದಲ್ಲೋ ಟಿವಿ ಸ್ಟ್ಯಾಂಡಿನ ಕೆಳಗೋ ಮೋಡೆಮ್ ಇಟ್ಟು ಹೋಗುತ್ತಾರೆ. ಹಾಲ್‌ನಲ್ಲಿ ಕೂತರೆ 100 ಎಂಬಿಪಿಎಸ್ ಬರುತ್ತದೆ. ಮಹಡಿಯ ಹಿಂದಿನ ಕೋಣೆಯಲ್ಲಿ, ಮಕ್ಕಳ ಕಂಪ್ಯೂಟರ್ ಮತ್ತು ಪ್ಲೇಸ್ಟೇಷನ್ ಇರುವ ಕಡೆ, 15 ಬಂದರೆ ಹೆಚ್ಚು. 100 ಜಿಬಿಯ ಒಂದು ಗೇಮ್ ಇಳಿಸಿಕೊಳ್ಳಲು 100 ಎಂಬಿಪಿಎಸ್‌ನಲ್ಲಿ ಎರಡೂಕಾಲು ಗಂಟೆ ಸಾಕು. 15ರಲ್ಲಿ ಸುಮಾರು 15 ಗಂಟೆ ಬೇಕು.

ಇದಕ್ಕೆ ಕಾರಣ ನಮ್ಮ ಮನೆಗಳ ಮೋಲ್ಡ್. ಐದಾರು ಇಂಚಿನ ಕಾಂಕ್ರೀಟು, ಅದರೊಳಗೆ ಕಬ್ಬಿಣದ ಸರಳಿನ ಜಾಲ, ಮೇಲೆ ಗ್ರಾನೈಟೋ ಟೈಲ್ಸೋ. 2.4 ಗಿಗಾಹರ್ಟ್ಸ್ ತರಂಗ ಒದ್ದಾಡಿಕೊಂಡು ದಾಟುತ್ತದೆ, ಆದರೆ ಅದರಲ್ಲಿ ವೇಗ ಕಡಿಮೆ, ಅಕ್ಕಪಕ್ಕದ ಮನೆಯವರೆಲ್ಲರ ಗದ್ದಲವೂ ಅಲ್ಲೇ. ವೇಗ ಇರುವ 5 ಗಿಗಾಹರ್ಟ್ಸ್ ತರಂಗವನ್ನು ಕಾಂಕ್ರೀಟು ಬಹುಪಾಲು ನುಂಗಿಬಿಡುತ್ತದೆ. ಎಂಟು ಆಂಟೆನಾದ ರೂಟರ್ ತಂದರೂ ಮೋಲ್ಡ್ ತೆಳ್ಳಗಾಗುವುದಿಲ್ಲ.

ಆಗ ಬಹಳ ಜನ ಪ್ಲಗ್ ಪಾಯಿಂಟಿಗೆ ಸಿಕ್ಕಿಸುವ ಬೂಸ್ಟರ್ ಕೊಳ್ಳುತ್ತಾರೆ. ದಯವಿಟ್ಟು ಬೇಡ. ಅಗ್ಗದ ಬೂಸ್ಟರ್‌ಗಳು ಒಂದೇ ರೇಡಿಯೊದಲ್ಲಿ ಕೇಳಿಸಿಕೊಂಡು ಅದರಲ್ಲೇ ಮತ್ತೆ ಹೇಳುತ್ತವೆ, ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಆಟದಲ್ಲಿ ಪಿಂಗ್ (ಸಂದೇಶ ಹೋಗಿ ಉತ್ತರ ಬರಲು ಹಿಡಿಯುವ ಸಮಯ) ಏರಿಳಿಯುತ್ತದೆ. ಸಾಲದ್ದಕ್ಕೆ ಅದನ್ನು ಸಿಗ್ನಲ್ ಇಲ್ಲದ ಕೋಣೆಯಲ್ಲೇ ಸಿಕ್ಕಿಸುತ್ತಾರೆ. ಅಲ್ಲಿಗೆ ಬಂದದ್ದೇ ಹರುಕು ಸಿಗ್ನಲ್, ಅದು ಹರಡುವುದೂ ಅದನ್ನೇ. ವಿದ್ಯುತ್ ತಂತಿಯ ಮೂಲಕ ಇಂಟರ್‌ನೆಟ್ ಸಾಗಿಸುವ ಪವರ್‌ಲೈನ್ ಅಡಾಪ್ಟರ್‌ಗಳನ್ನೂ ನಂಬಬೇಡಿ. ನಮ್ಮಲ್ಲಿ ಕೆಳಗೊಂದು ಫೇಸ್, ಮೇಲೊಂದು ಫೇಸ್, ನಡುವೆ ಯುಪಿಎಸ್ ಲೈನ್ ಬೇರೆ; ಒಂದರಿಂದ ಇನ್ನೊಂದಕ್ಕೆ ಸಿಗ್ನಲ್ ಸರಿಯಾಗಿ ದಾಟುವುದಿಲ್ಲ.

ಸರಿಯಾದ ದಾರಿ ಒಂದೇ: ಕೆಳಗಿನ ಮೋಡೆಮ್‌ನಿಂದ ಮಹಡಿಗೆ ತಾಮ್ರದ ನೆಟ್‌ವರ್ಕ್ ಕೇಬಲ್ ಒಯ್ದು, ಅಲ್ಲಿ ಇನ್ನೊಂದು ವೈಫೈ ಪೆಟ್ಟಿಗೆ ಇಡುವುದು. ಬಾಡಿಗೆ ಮನೆ, ಕೇಬಲ್ ಎಳೆಯಲು ಸಾಧ್ಯವೇ ಇಲ್ಲ ಎಂದಾದರೆ ಮಾತ್ರ ಮೂರು ಬ್ಯಾಂಡಿನ ಮೆಶ್ ಸೆಟ್ (ತಂತಿಯಿಲ್ಲದೆ ಒಂದಕ್ಕೊಂದು ಮಾತಾಡಿಕೊಳ್ಳುವ ವೈಫೈ ಪೆಟ್ಟಿಗೆಗಳ ಜೋಡಿ) ನೋಡಿ. ಅದರ ಎರಡನೇ ಪೆಟ್ಟಿಗೆಯನ್ನು ಕೋಣೆಯಲ್ಲಲ್ಲ, ಮೆಟ್ಟಿಲ ತಲೆಯಲ್ಲಿ ಇಡಿ. ಮೆಟ್ಟಿಲ ಜಾಗದಲ್ಲಿ ಮೋಲ್ಡ್ ಇರುವುದಿಲ್ಲ, ತರಂಗಕ್ಕೆ ಅದೇ ಬಾಗಿಲು. ಫೋನಿನ ವೈಫೈ ಅನಲೈಸರ್ ಆ್ಯಪ್‌ನಲ್ಲಿ ಅಲ್ಲಿ ಮೈನಸ್ 65 ಡಿಬಿಎಂ ಅಥವಾ ಅದಕ್ಕಿಂತ ಒಳ್ಳೆಯ, ಅಂದರೆ ಸೊನ್ನೆಗೆ ಇನ್ನೂ ಹತ್ತಿರದ, ಅಂಕಿ ಕಾಣಬೇಕು. ಮೈನಸ್ 75 ಇದ್ದರೆ ಜಾಗ ಬದಲಿಸಿ.

ತರಬೇಕಾದ ಸಾಮಾನು

ಕ್ಯಾಟ್ 6 ಕೇಬಲ್, ಎರಡು ಎಳೆಗಾಗುವಷ್ಟು, ಪ್ರತಿ ಎಳೆಯೂ ಅಳತೆಗಿಂತ 3 ಮೀಟರ್ ಹೆಚ್ಚು. ಎರಡು ಐಒ ಬಾಕ್ಸ್ (ಗೋಡೆಯಲ್ಲಿ ಕೂರುವ ನೆಟ್‌ವರ್ಕ್ ಪಾಯಿಂಟ್), ಅವಕ್ಕೆ ಕ್ಯಾಟ್ 6 ಜ್ಯಾಕ್, ಜ್ಯಾಕ್‌ಗೆ ತಂತಿ ಒತ್ತುವ ಪಂಚಿಂಗ್ ಟೂಲ್, ಕೇಬಲ್ ಟೆಸ್ಟರ್. ಕಾರ್ಖಾನೆಯಲ್ಲೇ ತಯಾರಾದ ಪ್ಯಾಚ್ ಕಾರ್ಡ್‌ಗಳು (ಎರಡೂ ತುದಿಗೆ ಪ್ಲಗ್ ಇರುವ ಚಿಕ್ಕ ಕೇಬಲ್). ಐದು ಪೋರ್ಟಿನ ಗಿಗಾಬಿಟ್ ಸ್ವಿಚ್ (ಮಹಡಿಗೆ ಬಂದ ಒಂದು ಕೇಬಲನ್ನು ಹಲವು ಉಪಕರಣಗಳಿಗೆ ಹಂಚುವ ಪೆಟ್ಟಿಗೆ). ಒಂದು ಡ್ಯುಯಲ್ ಬ್ಯಾಂಡ್ ರೂಟರ್ ಅಥವಾ ಆಕ್ಸೆಸ್ ಪಾಯಿಂಟ್ (ತಂತಿಯಲ್ಲಿ ಬಂದದ್ದನ್ನು ವೈಫೈ ಆಗಿ ಹರಡುವ ಪೆಟ್ಟಿಗೆ). ವೈಫೈ 6 ಸಾಕು. ಸ್ವಿಚ್ಚಿನ ಡಬ್ಬಿಯ ಮೇಲೆ 10/100/1000 ಎಂದಿರಬೇಕು. ‘ಫಾಸ್ಟ್ ಈಥರ್ನೆಟ್’ ಎಂದಿದ್ದರೆ ಅದು 100 ಎಂಬಿಪಿಎಸ್‌ಗೇ ನಿಲ್ಲುವ ಮಾಲು.

ಕೇಬಲ್ ವಿಷಯದಲ್ಲೇ ಹೆಚ್ಚು ಮೋಸ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಾಗಲಿ ನಿಮ್ಮೂರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲಾಗಲಿ ಮೀಟರ್ ಲೆಕ್ಕದಲ್ಲಿ ಕೊಳ್ಳುವಾಗ, ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ಕೆಂಪಗಿದ್ದರೆ ತಾಮ್ರ. ಬೆಳ್ಳಗೆ ಹೊಳೆದರೆ ತಾಮ್ರದ ಲೇಪ ಹಚ್ಚಿದ ಅಲ್ಯೂಮಿನಿಯಂ, ಡಬ್ಬಿಯ ಮೇಲೆ ‘ಸಿಸಿಎ’ ಎಂದಿರುತ್ತದೆ, ಅಥವಾ ಏನೂ ಇರುವುದಿಲ್ಲ. ಅದು ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತದೆ, ಜ್ಯಾಕ್‌ನಲ್ಲಿ ಕಾಲಕ್ರಮೇಣ ಸಡಿಲವಾಗುತ್ತದೆ. ಗೋಡೆಯೊಳಗೆ ಹೋಗುವ ವಸ್ತುವಿನಲ್ಲಿ ಉಳಿತಾಯ ಮಾಡಬೇಡಿ. ಕ್ಯಾಟ್ 8 ಎಂದು ಮಾರುವ ಚಪ್ಪಟೆ ಕೇಬಲ್ ಕೂಡ ಬೇಕಾಗಿಲ್ಲ. ಕ್ಯಾಟ್ 6 ಗಿಗಾಬಿಟ್ ವೇಗವನ್ನು 100 ಮೀಟರ್‌ವರೆಗೆ ಆರಾಮವಾಗಿ ಒಯ್ಯುತ್ತದೆ.

ಕೇಬಲ್ ಎಳೆಯುವುದು

ಮೊದಲು ಟಿವಿ ಮತ್ತು ಟೆಲಿಫೋನಿಗೆಂದು ಮನೆ ಕಟ್ಟುವಾಗಲೇ ಹಾಕಿಸಿದ ಪೈಪು ಹುಡುಕಿ. ಹಾಲ್‌ನ ಟಿವಿ ಪಾಯಿಂಟ್ ಬಿಚ್ಚಿದರೆ ಮುಕ್ಕಾಲು ಇಂಚಿನ ಅಥವಾ ಒಂದಿಂಚಿನ ಪಿವಿಸಿ ಪೈಪು ಕಾಣುತ್ತದೆ, ಅದು ಸಾಮಾನ್ಯವಾಗಿ ಮಹಡಿಯ ಕೋಣೆಗೋ ತಾರಸಿಗೋ ಹೋಗಿರುತ್ತದೆ. ಕರೆಂಟಿನ ತಂತಿ ಇರುವ ಪೈಪಿಗೆ ಮಾತ್ರ ನೆಟ್‌ವರ್ಕ್ ಕೇಬಲ್ ತೂರಿಸಲೇಬೇಡಿ. ಅಡಚಣೆಯ ಮಾತು ಆಮೇಲೆ, ಇನ್ಸುಲೇಷನ್ ತರಚಿದರೆ 230 ವೋಲ್ಟ್ ನೇರ ನಿಮ್ಮ ಕಂಪ್ಯೂಟರಿಗೆ ಬರುತ್ತದೆ. ಬೇರೆ ಪೈಪಾದರೂ ಕರೆಂಟ್ ಲೈನಿಗೆ ಸಮಾನಾಂತರವಾಗಿ ಹೋಗುವಾಗ 20 ಸೆಂ.ಮೀ. ಅಂತರ ಇರಲಿ, ದಾಟಬೇಕಾದಲ್ಲಿ ಅಡ್ಡಡ್ಡ ದಾಟಲಿ.

ಪೈಪಿನಲ್ಲಿ ಡಿಶ್‌ನ ಹಳೆಯ ಕೇಬಲ್ ಇದ್ದು ಈಗ ಬಳಸುತ್ತಿಲ್ಲವಾದರೆ ಕೆಲಸ ಅರ್ಧ ಮುಗಿದಂತೆ. ಅದೇ ನಿಮ್ಮ ಹಗ್ಗ. ಮೊದಲು ಎರಡೂ ತುದಿ ಅಲ್ಲಾಡಿಸಿ, ಅದು ಸಲೀಸಾಗಿ ಜಾರುತ್ತದೆಯೇ ನೋಡಿ. ಆಮೇಲೆ ಕೆಳತುದಿಗೆ ಹೊಸ ಕೇಬಲ್ ಎರಡು ಎಳೆ ಮತ್ತು ಒಂದು ನೈಲಾನ್ ದಾರ ಕಟ್ಟಿ. ಎರಡೇಕೆ ಎಂದರೆ, ಒಂದು ಕೆಟ್ಟರೆ ಇನ್ನೊಂದಿದೆ, ಕೂಲಿ ಎರಡಕ್ಕೂ ಒಂದೇ. ನೈಲಾನ್ ದಾರ ಪೈಪಿನಲ್ಲೇ ಉಳಿಯಲಿ, ಮುಂದೆ ಬೇಕಾದೀತು.

ಕಟ್ಟುವ ರೀತಿಯಲ್ಲೇ ಸೋಲು ಗೆಲುವು. ಗಂಟು ದಪ್ಪವಾದರೆ ಮೊದಲ ಬೆಂಡಿನಲ್ಲೇ ಸಿಕ್ಕಿಕೊಳ್ಳುತ್ತದೆ. ಹೊಸ ಕೇಬಲ್‌ಗಳ ತುದಿಯ ಹೊದಿಕೆ ಹತ್ತು ಸೆಂ.ಮೀ. ಸುಲಿದು, ಒಳಗಿನ ತಂತಿಗಳಲ್ಲಿ ಅರ್ಧ ಕತ್ತರಿಸಿ, ಉಳಿದವನ್ನು ಹಳೆಯ ಕೇಬಲ್‌ಗೆ ಸುತ್ತಿ. ಎರಡು ಕೇಬಲ್‌ಗಳ ಜೋಡಣೆ ಒಂದೇ ಜಾಗದಲ್ಲಿ ಬರದೆ ಒಂದು ಗೇಣು ಹಿಂದುಮುಂದಾಗಿರಲಿ. ಮೇಲೆ ಇನ್ಸುಲೇಷನ್ ಟೇಪನ್ನು ಬಿಗಿಯಾಗಿ, ಮುಂದೆ ಚೂಪು ಹಿಂದೆ ದಪ್ಪ ಬರುವಂತೆ ಸುತ್ತಿ. ಪ್ಲಗ್ ಹಾಕಿರುವ ರೆಡಿಮೇಡ್ ಕೇಬಲ್ ಎಳೆಯಲು ಹೋಗಬೇಡಿ, ಪ್ಲಗ್‌ನ ಕಿವಿ ಪೈಪಿನೊಳಗೆ ಮುರಿಯುವುದು ಖಚಿತ.

ಇಬ್ಬರು ಬೇಕು. ಮೇಲಿನವರು ಎಳೆಯುವಾಗ ಕೆಳಗಿನವರು ಕೇಬಲನ್ನು ಸಿಕ್ಕಿಲ್ಲದಂತೆ ತಳ್ಳಿಕೊಡಬೇಕು. ಎಳೆತ 11 ಕೆ.ಜಿ. ತೂಕ ಎತ್ತುವಷ್ಟನ್ನು ಮೀರಬಾರದು. ಹೆಚ್ಚು ಜಗ್ಗಿದರೆ ಹೊದಿಕೆ ಹಾಗೇ ಇದ್ದು ಒಳಗಿನ ಜೋಡಿಗಳ ಹೊಸೆತ ಹಿಗ್ಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ, ವೇಗ ಮಾತ್ರ ಬರುವುದಿಲ್ಲ. ಸಿಕ್ಕಿಕೊಂಡರೆ ಅರ್ಧ ಅಡಿ ಹಿಂದಕ್ಕೆ ಬಿಟ್ಟು ಮತ್ತೆ ಎಳೆಯಿರಿ. ಪೈಪಿನ ಬಾಯಿಗೆ ಟಾಲ್ಕಂ ಪೌಡರ್ ಸುರಿದರೆ ಜಾರುತ್ತದೆ. ಎಣ್ಣೆ, ಗ್ರೀಸ್ ಹಚ್ಚಬೇಡಿ, ಅವು ಪಿವಿಸಿ ಹೊದಿಕೆಯನ್ನು ಹಾಳು ಮಾಡುತ್ತವೆ. ಮೂಲೆಗಳಲ್ಲಿ ಕೇಬಲ್ ಮಡಿಸಬೇಡಿ, ಒಂದಿಂಚಿನ ತ್ರಿಜ್ಯದ ಬಾಗು ಇರಲಿ.

ಪೈಪೇ ಇಲ್ಲದಿದ್ದರೆ ಮೆಟ್ಟಿಲ ಗೋಡೆಯ ಮೂಲೆಯಲ್ಲಿ ಕೇಸಿಂಗ್ ಕ್ಯಾಪಿಂಗ್ ಪಟ್ಟಿ ಹೊಡೆಸಿ, ಬಣ್ಣ ಬಳಿದರೆ ಕಾಣುವುದಿಲ್ಲ. ಗೋಡೆ ತೂತು ಮಾಡಬಹುದು, ಬೀಮು, ಕಂಬ, ಮೋಲ್ಡ್‌ಗಳನ್ನು ಮುಟ್ಟಬೇಡಿ. ಹೊರಗಿನಿಂದ ಒಯ್ಯುವುದಾದರೆ ಬಿಸಿಲು ತಡೆಯುವ ಕಪ್ಪು ಹೊದಿಕೆಯ ಹೊರಾಂಗಣ ಕೇಬಲ್ಲೇ ಬೇಕು. ತೂತು ಕಿಟಕಿಯ ಸಜ್ಜೆಯ ಕೆಳಗೆ, ಹೊರಕ್ಕೆ ಇಳಿಜಾರಾಗಿ ಇರಲಿ. ಒಳಹೋಗುವ ಮುನ್ನ ಕೇಬಲ್ ಒಂದು ಜೋಲು ಬಿದ್ದು ಮೇಲೇರಲಿ; ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ.

ತುದಿ ಕಟ್ಟುವುದು

ಇಲ್ಲಿ ಕೆಡಿಸಿಕೊಳ್ಳುವವರೇ ಹೆಚ್ಚು. ಗೋಡೆಯಿಂದ ಬಂದ ಗಟ್ಟಿ ಕೇಬಲ್‌ಗೆ ಪ್ಲಗ್ ಕ್ರಿಂಪ್ ಮಾಡಬೇಡಿ (ಇಕ್ಕಳದಿಂದ ಒತ್ತಿ ಕೂರಿಸಬೇಡಿ), ಐಒ ಜ್ಯಾಕ್ ಹಾಕಿ. ಅಲ್ಲಿಂದ ಉಪಕರಣಕ್ಕೆ ರೆಡಿಮೇಡ್ ಪ್ಯಾಚ್ ಕಾರ್ಡ್. ಕೈಯಲ್ಲಿ ಕ್ರಿಂಪ್ ಮಾಡಿದ ಪ್ಲಗ್‌ಗಳು ನಾಲ್ಕು ಸಲ ಕಿತ್ತು ಹಾಕುವಷ್ಟರಲ್ಲಿ ತರಲೆ ಶುರುಮಾಡುತ್ತವೆ.

ಹೊದಿಕೆಯನ್ನು 3 ಸೆಂ.ಮೀ. ಸುಲಿಯಿರಿ, ಒಳಗಿನ ತಾಮ್ರಕ್ಕೆ ಬ್ಲೇಡ್ ತಾಗದಂತೆ. ನಡುವಿನ ಪ್ಲಾಸ್ಟಿಕ್ ಕೂಡುಗೋಡೆ ಕತ್ತರಿಸಿ. ಜ್ಯಾಕ್‌ನ ಮೇಲೆ ‘ಎ’ ಮತ್ತು ‘ಬಿ’ ಎಂದು ಎರಡು ಬಣ್ಣದ ಸಾಲುಗಳಿರುತ್ತವೆ. ‘ಬಿ’ಯನ್ನೇ ಹಿಡಿಯಿರಿ, ಎರಡೂ ತುದಿಗೆ ಅದೇ. ಹೊಸೆತ ಬಿಚ್ಚುವುದು 13 ಮಿ.ಮೀ. ಮೀರಬಾರದು. ನೀಟಾಗಿ ಕಾಣಲಿ ಎಂದು ಎರಡಿಂಚು ಬಿಚ್ಚಿ ಜೋಡಿಸುವವರಿದ್ದಾರೆ, ಆ ಹೊಸೆತವೇ ಕೇಬಲ್‌ನ ಜೀವ. ಒಂದು ಜೋಡಿಯ ಎರಡು ತಂತಿಗಳು ಸುತ್ತಿಕೊಂಡಿರುವುದರಿಂದಲೇ ಹೊರಗಿನ ಗದ್ದಲ ಎರಡಕ್ಕೂ ಸಮನಾಗಿ ತಾಗಿ ರದ್ದಾಗುತ್ತದೆ.

ಪ್ಲಗ್ಗೇ ಹಾಕಬೇಕಾಗಿ ಬಂದರೆ ‘ಬಿ’ ಕ್ರಮ ಹೀಗಿದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಪ್ಲಗ್‌ನ ಕ್ಲಿಪ್ ಕೆಳಮುಖವಾಗಿ, ಕೇಬಲ್ ಹೋಗುವ ಬಾಯಿ ನಿಮ್ಮ ಕಡೆಗೆ ಇದ್ದಾಗ ಎಡದಿಂದ ಲೆಕ್ಕ. ಹೊರ ಹೊದಿಕೆಯೂ ಪ್ಲಗ್‌ನೊಳಗೆ ಹೋಗಿ ಕಚ್ಚಿಕೊಳ್ಳಬೇಕು.

ಹಸಿರು ಜೋಡಿ ನೀಲಿಯನ್ನು ನಡುವೆ ಬಿಟ್ಟು ಮೂರು ಮತ್ತು ಆರಕ್ಕೆ ಹೋಗುವುದನ್ನು ಗಮನಿಸಿ. ಕೆಲವು ಎಲೆಕ್ಟ್ರಿಷಿಯನ್‌ಗಳು ‘ಎರಡೂ ಕಡೆ ಒಂದೇ ಬಣ್ಣ ಇದ್ದರೆ ಸಾಕು ಸಾರ್’ ಎಂದು ಕಿತ್ತಳೆ, ಹಸಿರು, ನೀಲಿ, ಕಂದು ಜೋಡಿಗಳನ್ನು ಸಾಲಾಗಿ ಕೂರಿಸುತ್ತಾರೆ. ಟೆಸ್ಟರ್‌ನಲ್ಲಿ ಒಂದರಿಂದ ಎಂಟು ದೀಪವೂ ಕ್ರಮವಾಗಿ ಹೊತ್ತುತ್ತವೆ, ಎಲ್ಲ ಸರಿಯಾಯಿತು ಎಂದು ಹೊರಡುತ್ತಾರೆ. ಆದರೆ ಮೂರು ಮತ್ತು ಆರು ಬೇರೆ ಬೇರೆ ಜೋಡಿಯ ತಂತಿಗಳಾಗಿಬಿಟ್ಟಿರುತ್ತವೆ. ಹೊಸೆತದ ಲಾಭ ಇಲ್ಲ, ಒಂದರ ಸಿಗ್ನಲ್ ಇನ್ನೊಂದಕ್ಕೆ ಸೋರುತ್ತದೆ. ಉದ್ದ ಹೆಚ್ಚಾದಷ್ಟೂ ಸಂಪರ್ಕ 100ಕ್ಕೆ ಇಳಿಯುತ್ತದೆ ಅಥವಾ ಆಗಾಗ ಕಡಿಯುತ್ತದೆ. ಅಗ್ಗದ ಟೆಸ್ಟರ್ ಇದನ್ನು ಎಂದೂ ಹಿಡಿಯಲಾರದು.

ಹಾಗಾಗಿ ದೀಪ ನೋಡಿ ಸುಮ್ಮನಾಗಬೇಡಿ. ಗಿಗಾಬಿಟ್ ಪೋರ್ಟ್ ಇರುವ ಲ್ಯಾಪ್‌ಟಾಪನ್ನು ಮೇಲಿನ ಪಾಯಿಂಟಿಗೆ ಸಿಕ್ಕಿಸಿ, ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಈಥರ್ನೆಟ್ ಲಿಂಕ್ ವೇಗ ನೋಡಿ. 1000 ಇದ್ದರೆ ಗೆದ್ದಿರಿ. 100 ಇದ್ದರೆ ಒಂದೋ ತುದಿ ತಪ್ಪಾಗಿದೆ, ಇಲ್ಲವೇ ಮೋಡೆಮ್‌ನ ಆ ಪೋರ್ಟೇ 100ರದ್ದು. ಕೆಲವು ಮೋಡೆಮ್‌ಗಳಲ್ಲಿ ಮೊದಲ ಪೋರ್ಟ್ ಮಾತ್ರ ಗಿಗಾಬಿಟ್ ಇರುತ್ತದೆ, ಬದಲಿಸಿ ನೋಡಿ.

ಮೇಲಿನ ಪೆಟ್ಟಿಗೆಯ ಸೆಟ್ಟಿಂಗ್

ಹೊಸ ರೂಟರನ್ನು ಡಬ್ಬಿಯಿಂದ ತೆಗೆದು ಹಾಗೇ ಸಿಕ್ಕಿಸಿದರೆ ಇಂಟರ್‌ನೆಟ್ ಬರುತ್ತದೆ, ಆದರೆ ಮನೆಯೊಳಗೆ ಎರಡು ನೆಟ್‌ವರ್ಕ್ ಹುಟ್ಟುತ್ತವೆ. ಎಕ್ಸ್‌ಬಾಕ್ಸ್ ‘ಡಬಲ್ ನ್ಯಾಟ್’ (ಎರಡೂ ಪೆಟ್ಟಿಗೆಗಳು ವಿಳಾಸ ಬದಲಿಸುತ್ತಿವೆ) ಎಂದು ದೂರುತ್ತದೆ, ಗೆಳೆಯರ ಪಾರ್ಟಿ ಚಾಟ್ ಸೇರಲಾಗುವುದಿಲ್ಲ. ಅದಕ್ಕೇ ಮೆನುವಿನಲ್ಲಿ ‘ಆಕ್ಸೆಸ್ ಪಾಯಿಂಟ್ ಮೋಡ್’ ಆರಿಸಿ, ಅಷ್ಟೇ.

ಆ ಆಯ್ಕೆ ಇಲ್ಲದ ಹಳೆಯ ರೂಟರ್ ಆದರೆ, ಲ್ಯಾಪ್‌ಟಾಪನ್ನು ಅದಕ್ಕೊಂದಕ್ಕೇ ಜೋಡಿಸಿ ಈ ಕ್ರಮದಲ್ಲೇ ಮಾಡಿ. ಮೊದಲು ಅದರ ವಿಳಾಸ ಬದಲಿಸಿ: ಮೋಡೆಮ್ 192.168.1.1 ಆಗಿದ್ದರೆ ಇದು 192.168.1.2. ಮತ್ತೆ ಲಾಗಿನ್ ಆಗಿ ಡಿಎಚ್‌ಸಿಪಿ (ಉಪಕರಣಗಳಿಗೆ ತಾನೇ ವಿಳಾಸ ಹಂಚುವ ವ್ಯವಸ್ಥೆ) ನಿಲ್ಲಿಸಿ. ಕೊನೆಗೆ ಕೆಳಗಿನಿಂದ ಬಂದ ಕೇಬಲನ್ನು ಲ್ಯಾನ್ ಪೋರ್ಟಿಗೆ ಹಾಕಿ, ನೀಲಿ ಬಣ್ಣದ್ದೋ ಬೇರೆ ಬಣ್ಣದ್ದೋ ಆಗಿರುವ ವ್ಯಾನ್ (ಹೊರಗಿನ ಇಂಟರ್‌ನೆಟ್ ಸಂಪರ್ಕದ) ಪೋರ್ಟ್ ಖಾಲಿ ಇರಲಿ. ಡಿಎಚ್‌ಸಿಪಿಯನ್ನು ಮೊದಲೇ ನಿಲ್ಲಿಸಿದರೆ ಮತ್ತೆ ಒಳಹೋಗಲು ಪರದಾಡಬೇಕಾಗುತ್ತದೆ.

ಹೆಸರು, ಪಾಸ್‌ವರ್ಡ್ ಮೇಲೂ ಕೆಳಗೂ ಒಂದೇ ಇರಲಿ. ಚಾನೆಲ್ ಮಾತ್ರ ಬೇರೆ: 2.4ರಲ್ಲಿ ಕೆಳಗೆ 1, ಮೇಲೆ 11, ಅಗಲ 20 ಮೆಗಾಹರ್ಟ್ಸ್. 5ರಲ್ಲಿ ಕೆಳಗೆ 36, ಮೇಲೆ 149, ಅಗಲ 80. 52ರಿಂದ 144ರವರೆಗಿನ ಚಾನೆಲ್‌ಗಳನ್ನು ಆಟಕ್ಕೆ ಬಳಸಬೇಡಿ. ಅವು ರೇಡಾರ್‌ಗಳೊಂದಿಗೆ ಹಂಚಿಕೊಂಡವು, ರೇಡಾರ್ ಸುಳಿವು ಸಿಕ್ಕರೆ ರೂಟರ್ ತಕ್ಷಣ ಚಾನೆಲ್ ಬಿಡಬೇಕು, ಆಟದ ನಡುವೆ ಸಂಪರ್ಕ ಕಡಿಯುತ್ತದೆ. ಪೆಟ್ಟಿಗೆಯನ್ನು ಗೋಡೆಯ ಮೇಲೆ ಎತ್ತರದಲ್ಲಿ ಇಡಿ. ಬೀರುವಿನ ಹಿಂದೆ, ದೊಡ್ಡ ಕನ್ನಡಿಯ ಪಕ್ಕ, ನೀರಿನ ಟ್ಯಾಂಕಿನ ಗೋಡೆಗೆ ಒರಗಿಸಿ ಇಡಬೇಡಿ.

ಕಂಪ್ಯೂಟರ್, ಕನ್ಸೋಲ್

ಸ್ಥಾನ ಬದಲಿಸದ ಎಲ್ಲವಕ್ಕೂ ಸ್ವಿಚ್ಚಿನಿಂದ ತಂತಿ ಕೊಡಿ, ವೈಫೈ ಫೋನುಗಳಿಗಿರಲಿ. ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಸೀರೀಸ್ ಎರಡಕ್ಕೂ ಗಿಗಾಬಿಟ್ ಪೋರ್ಟ್ ಇದೆ. 2013ರ ಮೊದಲ ಪ್ಲೇಸ್ಟೇಷನ್ 4ರ ವೈಫೈ 2.4ರಲ್ಲಿ ಮಾತ್ರ ನಡೆಯುತ್ತದೆ, ಅದಕ್ಕಂತೂ ತಂತಿ ಬೇಕೇ ಬೇಕು. ಮೊದಲ ನಿಂಟೆಂಡೊ ಸ್ವಿಚ್‌ಗೆ ಪೋರ್ಟ್ ಇಲ್ಲ, ಡಾಕ್‌ಗೆ ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಹಾಕಬೇಕು.

ಕೆಳಗಿನ ಮೋಡೆಮ್‌ನಲ್ಲಿ ಯುಪಿಎನ್‌ಪಿ (ಆಟಕ್ಕೆ ಬೇಕಾದ ದಾರಿಯನ್ನು ತಾನೇ ತೆರೆಯುವ ಸೌಲಭ್ಯ) ಚಾಲೂ ಇರಲಿ. ಆದರೂ ಕನ್ಸೋಲ್ ನ್ಯಾಟ್ ಬಗ್ಗೆ ತಕರಾರು ಮಾಡಿದರೆ, ಮೋಡೆಮ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ ವಿಳಾಸ ನೋಡಿ. 100.64ರಿಂದ 100.127ರೊಳಗೆ ಶುರುವಾಗಿದ್ದರೆ ಕಂಪನಿಯವರು ಒಂದೇ ಹೊರವಿಳಾಸವನ್ನು ಹಲವು ಮನೆಗಳಿಗೆ ಹಂಚಿದ್ದಾರೆ. ಆಗ ಪೋರ್ಟ್ ಫಾರ್ವರ್ಡಿಂಗ್ (ಮೋಡೆಮ್‌ನಲ್ಲಿ ಆ ದಾರಿಯನ್ನು ಕೈಯಾರೆ ತೆರೆಯುವುದು) ಮಾಡಿ ಕೂತರೆ ಸಮಯ ವ್ಯರ್ಥ. ಐಪಿವಿ6 (ಹೊಸ ಬಗೆಯ ಇಂಟರ್‌ನೆಟ್ ವಿಳಾಸ) ಚಾಲೂ ಮಾಡಿ, ಅದೂ ಸಾಲದಿದ್ದರೆ ಪಬ್ಲಿಕ್ ಅಥವಾ ಸ್ಟ್ಯಾಟಿಕ್ ಐಪಿ, ಅಂದರೆ ನಿಮ್ಮ ಮನೆಗೇ ಮೀಸಲಾದ ಹೊರವಿಳಾಸ, ಕೇಳಿ ಪಡೆಯಿರಿ.

ಕೊನೆಯ ಪರೀಕ್ಷೆ: ಮೇಲಿನ ಕಂಪ್ಯೂಟರ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಮೋಡೆಮ್‌ನ ವಿಳಾಸಕ್ಕೆ ಹತ್ತು ನಿಮಿಷ ಪಿಂಗ್ ಬಿಡಿ. ತಂತಿಯಲ್ಲಿ 1–2 ಮಿಲಿಸೆಕೆಂಡ್ ಮೀರಬಾರದು, ಒಂದೂ ಟೈಮ್‌ಔಟ್ ಇರಬಾರದು.

ಕರೆಂಟ್ ಹೋದಾಗಲೂ ನಡೆಯಬೇಕಾದರೆ ಮೋಡೆಮ್, ಸ್ವಿಚ್, ಮೇಲಿನ ಪೆಟ್ಟಿಗೆ ಮೂರಕ್ಕೂ ಬ್ಯಾಕಪ್ ಬೇಕು. ಮಿನಿ ಯುಪಿಎಸ್ ಕೊಳ್ಳುವ ಮುನ್ನ ಅಡಾಪ್ಟರ್ ಮೇಲಿನ ಅಂಕಿ ಓದಿ. ರೂಟರ್ 12 ವೋಲ್ಟ್ ಇದ್ದು ಸ್ವಿಚ್ 5 ವೋಲ್ಟ್ ಇರಬಹುದು, ಪಿನ್ ಹೊಂದಿತೆಂದು ಸಿಕ್ಕಿಸಿದರೆ ಸ್ವಿಚ್ ಸುಡುತ್ತದೆ. ಕೇಬಲ್ ಮನೆಯ ಹೊರಗಿನಿಂದ ಹಾದಿದ್ದರೆ, ಏಪ್ರಿಲ್–ಮೇ ತಿಂಗಳ ಗುಡುಗು ಮಳೆ ಶುರುವಾಗುವ ಮೊದಲೇ ಎರಡೂ ತುದಿಯ ಪ್ಯಾಚ್ ಕಾರ್ಡ್ ಕಿತ್ತಿಡಿ. ಸಿಡಿಲು ಮನೆಗೇ ಬಡಿಯಬೇಕಾಗಿಲ್ಲ, ಹತ್ತಿರ ಬಿದ್ದರೂ ಆ ಉದ್ದದ ತಾಮ್ರದಲ್ಲಿ ಏಳುವ ವೋಲ್ಟೇಜ್ ಪೋರ್ಟುಗಳನ್ನು ಸುಡಲು ಸಾಕು.