ಪಡಸಾಲೆಗೆ ಕೋರಲ್ ಪಿಂಕ್: ಎರಡರಲ್ಲಿ ಒಂದು

ಧಾರವಾಡದ ನಮ್ಮ ಮನೆಯ ಪಡಸಾಲೆಗೆ ಕೋರಲ್ ಪಿಂಕ್ (ಹವಳದ ಗುಲಾಬಿ) ಅಂತ ಮೊದಲೇ ಗೊತ್ತುಮಾಡಿದ್ದೆವು. ತೊಡಕಾಗಿದ್ದು ಶೇಡ್ ಕಾರ್ಡಿನಲ್ಲಿ ಅಕ್ಕಪಕ್ಕ ಕೂತಿದ್ದ ಎರಡು ಬಣ್ಣಗಳಿಂದ. ಪೇಂಟರ್ ನೋಡಿದವರೇ, "ಅಕ್ಕಾರ, ಎರಡೂ ಒಂದ ಅದಾವಲ್ರೀ" ಅಂದರು.

ಬೇರೆಬೇರೆಯಾಗಿ ನೋಡಿದರೆ ಹಾಗೇ ಅನಿಸುತ್ತದೆ. ಬಿಳಿ ಹಾಳೆಯ ಮೇಲೆ ಜೋಡಿಸಿಟ್ಟೆ. ಒಂದರಲ್ಲಿ ಹಳದಿ ಜಾಸ್ತಿ, ಪಪ್ಪಾಯಿ ಹಣ್ಣಿನ ಕಡೆ ಎಳೆಯುತ್ತದೆ. ಇನ್ನೊಂದು ತುಸು ಮಂಕು, ಗುಲಾಬಿ ಕಡೆಯದು.

ಎರಡರದ್ದೂ ಸಣ್ಣ ಸ್ಯಾಂಪಲ್ ಡಬ್ಬಿ ತಂದೆ. ಗೋಡೆಗೆ ನೇರವಾಗಿ ಬಳಿಯಲಿಲ್ಲ. ನಮ್ಮ ಹಳೆಯ ಗೋಡೆ ತಿಳಿಹಸಿರು. ಹಸಿರಿನ ಪಕ್ಕ ಯಾವ ಗುಲಾಬಿಯೂ ಇದ್ದದ್ದಕ್ಕಿಂತ ಕೆಂಪಗೆ ಕಾಣುತ್ತದೆ. ದಪ್ಪ ರಟ್ಟಿಗೆ ಬಿಳಿ ಪ್ರೈಮರ್ ಹಚ್ಚಿ, ಮೇಲೆ ಎರಡು ಕೋಟ್ ಕೊಟ್ಟು, ಸುತ್ತ ಬಿಳಿ ಅಂಚು ಬಿಟ್ಟೆ. ಪೂರ್ತಿ ಒಣಗುವ ತನಕ ಏನೂ ತೀರ್ಮಾನಿಸಬೇಡಿ. ಎಮಲ್ಷನ್, ಅಂದರೆ ಗೋಡೆಗೆ ಬಳಿಯುವ ನೀರಿನ ಪೇಂಟ್, ಒಣಗಿದ ಮೇಲೆ ಸಾಮಾನ್ಯವಾಗಿ ಸ್ವಲ್ಪ ಗಾಢವಾಗುತ್ತದೆ.

ನಮ್ಮ ಕಿಟಕಿ ಪಡುವಣಕ್ಕಿದೆ. ಬೆಳಗ್ಗೆ ಎರಡೂ ಸುಮ್ನೆ ಚೆನ್ನಾಗಿಯೇ ಇದ್ದವು. ಸಂಜೆ ಬಿಸಿಲು ಒಳಗೆ ಬಂತು ನೋಡಿ, ಪಪ್ಪಾಯಿಯದು ಅಪ್ಪಟ ಕಿತ್ತಳೆ ಆಯಿತು! ಮಂಕಾಗಿದ್ದದ್ದು ಅದೇ ಬಿಸಿಲಲ್ಲಿ ನಾನು ಬಯಸಿದ್ದ ಕೋರಲ್ ಆಯಿತು. ರಾತ್ರಿ 6500 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ) ಬಿಳಿ ಎಲ್‌ಇಡಿ ಕೆಳಗೆ ಮಾತ್ರ ಸಪ್ಪೆ. 3000 ಕೆಲ್ವಿನ್‌ನ ಹಳದಿ ಬೆಳಕಿನ ಬಲ್ಬ್ ಹಾಕಿ ನೋಡಿದೆ, ಕಳೆ ಬಂತು. ಬಣ್ಣ ಬದಲಿಸುವುದಕ್ಕಿಂತ ಬಲ್ಬ್ ಬದಲಿಸುವುದು ಅಗ್ಗ, ಅಲ್ವಾ?

ರಟ್ಟನ್ನು ನೆಲದ ಹತ್ತಿರವೂ ಹಿಡಿದು ನೋಡಬೇಕು. ನಮ್ಮದು ಬೂದು ಬಣ್ಣದ ಶಹಾಬಾದ್ ಫರ್ಸಿ. ಅದರ ಪಕ್ಕ ಗುಲಾಬಿ ಇನ್ನಷ್ಟು ಎದ್ದು ಕಾಣುತ್ತದೆ. ಜೊತೆಗೆ ನಾಲ್ಕೂ ಗೋಡೆಗೆ ಬಳಿದರೆ ಒಂದರ ಬಣ್ಣ ಇನ್ನೊಂದರ ಮೇಲೆ ಬಿದ್ದು, ರಟ್ಟಿನಲ್ಲಿ ಕಂಡದ್ದಕ್ಕಿಂತ ಗಾಢವಾಗುತ್ತದೆ. ಅದಕ್ಕೇ ಮಂಕು ಗುಲಾಬಿಯ ಸಾಲಿನಲ್ಲೇ ಒಂದು ಮೆಟ್ಟಿಲು ತಿಳಿಯಾದದ್ದನ್ನು ಆರಿಸಿದೆ.

ಅತ್ತೆಯವರಿಗೆ ಒಪ್ಪಿಗೆಯಾಗಲಿಲ್ಲ. "ಬಣ್ಣ ಅಂದ್ರ ಎದ್ದು ಕಾಣಬೇಕವಾ" ಅಂದರು. ಪಪ್ಪಾಯಿ ಬಣ್ಣ ಕೊನೆಗೆ ಬಿಸಿಲೇ ಬೀಳದ ದೇವರಮನೆಗೆ ಹೋಯಿತು. ಅಲ್ಲಿ ದೀಪದ ಬೆಳಕಿಗೆ ಚೆಂದವೇ ಇದೆ, ಒಪ್ಪಿಕೊಳ್ಳಲೇಬೇಕು.

ಇನ್ನೊಂದು ವಿಷಯ. ಪಡಸಾಲೆಗೆ ಬೇಕಾದಷ್ಟು ಡಬ್ಬಿಗಳನ್ನು ಒಂದೇ ಸಲ ಕಲಸಿಸಿ ತನ್ನಿ. ಮನೆಯಲ್ಲಿ ಎಲ್ಲವನ್ನೂ ದೊಡ್ಡ ಬಕೆಟ್ಟಿಗೆ ಸುರಿದು ಬೆರೆಸಿಕೊಳ್ಳಿ. ಡಬ್ಬಿಯಿಂದ ಡಬ್ಬಿಗೆ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಗೋಡೆಯ ನಡುವೆ ಪಟ್ಟಿ ಕಾಣುತ್ತದೆ. ಉಳಿದದ್ದನ್ನು ಮುಚ್ಚಿಟ್ಟು, ಮುಚ್ಚಳದ ಮೇಲೆ ಶೇಡ್ ನಂಬರ್ ಬರೆದಿಡಿ.