ಹಲವು ಕ್ಲೈಂಟ್, ಒಂದೇ ಸ್ಪ್ರಿಂಟ್: ಜಿರಾದಲ್ಲಿ ಸರಿ ಮಾಡಿದ್ದು ಹೀಗೆ

ತುಮಕೂರಿನ ನಮ್ಮ ವೆಬ್ ಏಜೆನ್ಸಿಯಲ್ಲಿ ನಾಲ್ಕೇ ಜನ. ಕೊಬ್ಬರಿ ಮಂಡಿ, ಕಾಲೇಜು, ಕಲ್ಯಾಣ ಮಂಟಪ, ಹೀಗೆ ಹಲವು ಕ್ಲೈಂಟ್‌ಗಳ ಕೆಲಸ ಒಟ್ಟಿಗೆ ನಡೆಯುತ್ತದೆ. ಕೆಲಸಗಳ ಲೆಕ್ಕ ಇಡುವುದು ಜಿರಾ ಅನ್ನೋ ಸಾಫ್ಟ್‌ವೇರ್‌ನಲ್ಲಿ, ಒಂದೊಂದು ಕೆಲಸಕ್ಕೆ ಒಂದು ಕಾರ್ಡ್. ಸ್ಪ್ರಿಂಟ್ (ಕೆಲಸಕ್ಕೆ ಗೊತ್ತುಮಾಡಿದ ಅವಧಿ) ಮುಗಿದರೂ ಕಾರ್ಡ್‌ಗಳೆಲ್ಲ ‘ಇನ್ ಪ್ರೋಗ್ರೆಸ್’ (ನಡೆಯುತ್ತಿದೆ) ಕಾಲಮ್‌ನಲ್ಲೇ ಕೂತಿರುತ್ತಿದ್ದವು.

ಕ್ಲೈಂಟ್‌ಗೊಂದು ಬೋರ್ಡ್ (ಕಾರ್ಡ್‌ಗಳನ್ನು ಕಾಲಮ್‌ಗಳಲ್ಲಿ ತೋರಿಸುವ ಪುಟ) ಮಾಡಿ ನೋಡಿದೆವು. ಒಬ್ಬನೇ ಡಿಸೈನರ್ ಎಲ್ಲ ಬೋರ್ಡ್‌ನಲ್ಲೂ ಪೂರ್ತಿ ಬುಕ್ ಆಗುತ್ತಿದ್ದ. ಸ್ಪ್ರಿಂಟ್ ಒಂದು ತಿಂಗಳಿಗೆ ಎಳೆದೆವು (ಸ್ಪ್ರಿಂಟ್‌ಗಳಲ್ಲಿ ಕೆಲಸ ಮಾಡುವ ಸ್ಕ್ರಮ್ ಪದ್ಧತಿಯಲ್ಲಿ ಅದೇ ಗರಿಷ್ಠ). ನಡುವೆ ಬರುವ ಚೇಂಜ್‌ಗಳು ಜಾಸ್ತಿಯಾದವು, ಅಷ್ಟೆ.

ಸರಿಹೋದ ಕ್ರಮ ಇದು. ಮೊದಲು ಎಲ್ಲ ಪ್ರಾಜೆಕ್ಟ್‌ಗಳನ್ನೂ ಒಂದೇ ಫಿಲ್ಟರ್‌ಗೆ (ಜಿರಾದಲ್ಲಿ ಉಳಿಸಿಟ್ಟ ಹುಡುಕಾಟ) ಸೇರಿಸಿ, ಅದರ ಮೇಲೆ ಒಂದೇ ಸ್ಕ್ರಮ್ ಬೋರ್ಡ್ ಮಾಡಿ. ಪ್ರಾಜೆಕ್ಟ್‌ಗಳು ಕಂಪನಿ-ಮ್ಯಾನೇಜ್ಡ್ (ಸೆಟ್ಟಿಂಗ್ಸ್ ಜಿರಾ ಅಡ್ಮಿನ್ ಕೈಯಲ್ಲಿರುವ ಬಗೆ) ಆಗಿರಲಿ. ಕ್ಲೈಂಟ್‌ಗೊಂದು ಕ್ವಿಕ್ ಫಿಲ್ಟರ್ (ಒತ್ತಿದರೆ ಆ ಕ್ಲೈಂಟ್‌ನ ಕಾರ್ಡ್ ಮಾತ್ರ ಕಾಣುತ್ತದೆ) ಸಾಕು. ಸ್ಪ್ರಿಂಟ್ 1 ವಾರ, ಬುಧವಾರದಿಂದ ಮಂಗಳವಾರ. ಸೋಮವಾರ ಶುರು ಮಾಡಬೇಡಿ, ಕ್ಲೈಂಟ್ ಫೋನ್‌ಗಳೆಲ್ಲ ಅವತ್ತೇ ಅಲ್ವಾ?

ಆಮೇಲೆ ಬೋರ್ಡ್ ಸೆಟ್ಟಿಂಗ್ಸ್‌ನ ಕಾಲಮ್ಸ್‌ಗೆ ಹೋಗಿ. ಕಾಲಮ್ ಕನ್‌ಸ್ಟ್ರೇಂಟ್ (ಕಾಲಮ್‌ನಲ್ಲಿ ಎಷ್ಟು ಕಾರ್ಡ್ ಅನ್ನೋ ಮಿತಿ) ಆನ್ ಮಾಡಿ, ‘ಇನ್ ಪ್ರೋಗ್ರೆಸ್’ಗೆ ಮ್ಯಾಕ್ಸ್ 4 ಹಾಕಿ, ಅಂದರೆ ತಲೆಗೊಂದು. ಮೀರಿದರೆ ಜಿರಾ ತಡೆಯುವುದಿಲ್ಲ, ಕಾಲಮ್ ಕೆಂಪಾಗುತ್ತದೆ. ಕೆಂಪಿದ್ದಾಗ ಹೊಸ ಕಾರ್ಡ್ ಎಳೆಯಬಾರದು ಅನ್ನೋ ಕಟ್ಟುಪಾಡು ನೀವೇ ಹಾಕಿಕೊಳ್ಳಬೇಕು. ಅಸಲಿ ಕೆಲಸ ಮಾಡಿದ್ದು ಇದೇ.

ಪ್ಲಾನಿಂಗ್‌ನಲ್ಲಿ ಶೇ 70ರಷ್ಟು ಸಮಯ ಮಾತ್ರ ತುಂಬಿ. ಉಳಿದದ್ದು ‘ಸಾರ್, ಒಂದೇ ಒಂದು ಚಿಕ್ಕ ಚೇಂಜ್’ಗೆ. ಅರ್ಧ ದಿನ ಮೀರುವ ಚೇಂಜ್ ಆದರೆ ಬ್ಯಾಕ್‌ಲಾಗ್‌ಗೆ (ಬಾಕಿ ಕೆಲಸಗಳ ಪಟ್ಟಿ), ಮುಂದಿನ ಬುಧವಾರಕ್ಕೆ.